ಕಮ್ಮಾರನ ಎದುರು ನಿಂತವರು

(ನಮ್ಮ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭೆ ಮುಗಿದ ಮೇಲೆ ಕೇಳಿಸಿಕೊಂಡದ್ದನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ ಮಾಡೋಣ. ಗಂಟೆಗೆ 14 ಸೆಂಟ್ ಕೂಲಿ, ದಿನಕ್ಕೆ 10 ಗಂಟೆ, ವಾರಕ್ಕೆ 6 ದಿನ. ಗುಣಿಸಿದರೆ ವಾರಕ್ಕೆ 8 ಡಾಲರ್ 40 ಸೆಂಟ್. ಭಾನುವಾರ ಕೆಲಸವಿಲ್ಲದಿದ್ದರೂ ಹಸಿವು ಇರುತ್ತದಲ್ಲ, ಆದ್ದರಿಂದ ಏಳರಿಂದ ಭಾಗಿಸಿ. ದಿನಕ್ಕೆ 1 ಡಾಲರ್ 20 ಸೆಂಟ್ ಬಂತು. ಇದರಲ್ಲಿ ಒಂದು ಸಂಸಾರ ಉಣ್ಣಬೇಕು, ಉಡಬೇಕು, ಕಲ್ಲಿದ್ದಲು ಕೊಳ್ಳಬೇಕು, ಚರ್ಚಿಗೆ ಕೊಡಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು.

ಈ ಲೆಕ್ಕ ಅಮೆರಿಕದ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಎಂಬ ಊರಿನದು. ಕಾಲ 1880ರ ಆಸುಪಾಸು. ಕೂಲಿ ಪಡೆಯುತ್ತಿದ್ದವರು ಆಗಸ್ಟ್ ಸ್ಯಾಂಡ್‌ಬರ್ಗ್, ಸ್ವೀಡನ್ನಿನಿಂದ ಬಂದವರು. ರೈಲ್ವೆ ಕಾರ್ಖಾನೆಯ ಕುಲುಮೆಯಲ್ಲಿ ಕಮ್ಮಾರನ ಸಹಾಯಕ. ಅವರ ಹಿರಿಯ ಮಗ ಕಾರ್ಲ್ ಸ್ಯಾಂಡ್‌ಬರ್ಗ್ ಅಮೆರಿಕದ ದೊಡ್ಡ ಕವಿ, ಲಿಂಕನ್ನರ ಜೀವನಚರಿತ್ರೆ ಬರೆದವರು. ಅಪ್ಪನ ವಿಷಯ ನಮಗೆ ತಿಳಿದಿರುವುದೇ ಮಗ 1953ರಲ್ಲಿ, ತನ್ನ 75ನೇ ವಯಸ್ಸಿನಲ್ಲಿ, ಬಾಲ್ಯದ ನೆನಪುಗಳನ್ನು ಬರೆದು ಪ್ರಕಟಿಸಿದ್ದರಿಂದ. ನಾನು ಇವತ್ತು ಮಾತನಾಡಬೇಕೆಂದಿರುವುದು ಮಗನ ಬಗ್ಗೆ ಅಲ್ಲ, ಅಪ್ಪನ ಬಗ್ಗೆ.

ಟಿಪ್ಪಣಿ ಮಾಡಿಕೊಳ್ಳುವಾಗ ಒಂದು ತಮಾಷೆ ನಡೆಯಿತು. ನಾಲ್ಕು ಪುಟ ಬರೆದ ಮೇಲೆ ತಿರುಗಿ ನೋಡುತ್ತೇನೆ, ಅಪ್ಪನಿಗೆ ಉದ್ದಕ್ಕೂ ‘ಅವನು’ ಎಂದು ಬರೆದಿದ್ದೇನೆ, ಮಗನಿಗೆ ‘ಅವರು’. ಕೂಲಿಯವನಿಗೆ ಏಕವಚನ, ಕವಿಗೆ ಬಹುವಚನ. ಕೈ ತನ್ನಷ್ಟಕ್ಕೆ ತಾನೇ ಬರೆದುಬಿಟ್ಟಿತ್ತು. ಇಂಗ್ಲಿಷಿನಲ್ಲಾಗಿದ್ದರೆ ಈ ಗುಟ್ಟು ಬಯಲಾಗುತ್ತಲೇ ಇರಲಿಲ್ಲ. ಕೂತು ಎಲ್ಲವನ್ನೂ ‘ಅವರು’ ಎಂದು ತಿದ್ದಿದೆ. ಎಲ್ಲಾದರೂ ತಪ್ಪಿ ‘ಅವನು’ ಎಂದರೆ ನೀವೇ ತಿದ್ದಿಕೊಳ್ಳಿ.

ಆಗಸ್ಟ್ ಅವರದು ದಕ್ಷಿಣ ಸ್ವೀಡನ್ನಿನ ಓಸ್ಟೆರ್‌ಯೊಟ್‌ಲಾಂಡ್ ಪ್ರಾಂತ. ಹೆಂಡತಿ ಕ್ಲಾರಾ ಕೂಡ ಅದೇ ಸೀಮೆಯವರು, ಆದರೆ ಇಬ್ಬರೂ ಭೇಟಿಯಾದದ್ದು ಅಮೆರಿಕದಲ್ಲಿ. ಅವರ ಕಾಲದ ಸ್ವೀಡನ್ನನ್ನು ಈಗಿನ ಸಿರಿವಂತ ಸ್ವೀಡನ್ ಎಂದುಕೊಳ್ಳಬೇಡಿ. ಜಮೀನು ಅಣ್ಣತಮ್ಮಂದಿರ ನಡುವೆ ಹರಿದು ಹಂಚಿಹೋಗಿತ್ತು. ಇದ್ದ ನೆಲದಲ್ಲಿ ಕಲ್ಲೇ ಹೆಚ್ಚು. 1867ರಲ್ಲಿ ಚಳಿಗಾಲ ಮುಗಿಯಲೇ ಇಲ್ಲವೇನೋ ಎನ್ನುವಂತಾಗಿ ಬಿತ್ತನೆ ಕೆಟ್ಟಿತು, ಮರುವರ್ಷ ಮಳೆಯೇ ಬರಲಿಲ್ಲ. ಅತ್ತ ಅಮೆರಿಕದಲ್ಲಿ 1862ರ ಕಾನೂನಿನ ಪ್ರಕಾರ, ಉಳುತ್ತೇನೆಂದು ಹೋಗಿ ನೆಲೆ ನಿಂತವನಿಗೆ 160 ಎಕರೆ. ಜನ ಹೊರಟರು. 1850ರಿಂದ 1930ರವರೆಗೆ ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಹೋದವರು ಹನ್ನೆರಡು ಲಕ್ಷಕ್ಕೂ ಹೆಚ್ಚು. 1860ರಲ್ಲಿ ಆ ದೇಶದ ಜನಸಂಖ್ಯೆ ನಲವತ್ತು ಲಕ್ಷವೂ ಇರಲಿಲ್ಲ ಎನ್ನುವುದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ಹೋದವರೆಲ್ಲ ರೈತರಾಗಲಿಲ್ಲ. ಆಗಸ್ಟ್ ಅವರಿಗೆ ಮೊದಲು ಸಿಕ್ಕಿದ್ದು ನ್ಯೂಯಾರ್ಕ್ ರಾಜ್ಯದ ಹರ್ಕಿಮರ್‌ನಲ್ಲಿ ಚೀಸ್ ತಯಾರಿಸುವ ಕೆಲಸ. ಅಷ್ಟರಲ್ಲಿ ಮುಂಚೆಯೇ ಬಂದು ಗೇಲ್ಸ್‌ಬರ್ಗ್‌ನಲ್ಲಿ ನೆಲೆಯೂರಿದ್ದ ಸಂಬಂಧಿಕರೊಬ್ಬರು, ಇಲ್ಲಿ ರೈಲ್ವೆಯಲ್ಲಿ ಕೆಲಸವಿದೆ, ಬಂದುಬಿಡು ಎಂದರು. ಒಬ್ಬರ ಬೆನ್ನು ಹಿಡಿದು ಇನ್ನೊಬ್ಬರು ಬರುವ ಈ ಕ್ರಮವನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನನ್ನು ಈ ಮನುಷ್ಯನ ಕಡೆ ಎಳೆದದ್ದು ಒಂದು ವಿಚಿತ್ರ ಸಂಗತಿ. ಆಗಸ್ಟ್ ಅವರಿಗೆ ಓದಲು ಬರುತ್ತಿತ್ತು. ಸ್ವೀಡಿಷ್ ಬೈಬಲ್ ಓದುತ್ತಿದ್ದರು, ಸ್ವೀಡಿಷ್ ವಾರಪತ್ರಿಕೆ ಓದುತ್ತಿದ್ದರು. ಬರೆಯಲು ಮಾತ್ರ ಬರುತ್ತಿರಲಿಲ್ಲ. ಸಹಿ ಬೇಕಾದಲ್ಲಿ ಗುಣಾಕಾರದ ಗುರುತೊಂದನ್ನು ಹಾಕುತ್ತಿದ್ದರು.

ನಮ್ಮಲ್ಲಿ ಓದು–ಬರಹ ಎಂದರೆ ಒಂದೇ ಶಬ್ದದ ಹಾಗೆ. ಓದಬಲ್ಲವನು ಬರೆಯಬಲ್ಲ, ಬರೆಯಲಾಗದವನು ಹೆಬ್ಬೆಟ್ಟು. ಸ್ವೀಡನ್ನಿನಲ್ಲಿ ಹಾಗಿರಲಿಲ್ಲ. 1686ರ ಚರ್ಚ್ ಕಾನೂನು ಪ್ರಜೆಗಳೆಲ್ಲರೂ ದೇವರ ವಾಕ್ಯವನ್ನು ತಮ್ಮ ಕಣ್ಣಾರೆ ಓದಬೇಕು ಎಂದಿತು. ಪಾದ್ರಿ ವರ್ಷಕ್ಕೊಮ್ಮೆ ಬಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಜೀತದ ಆಳೂ ಕೂರಬೇಕು, ಅಜ್ಜಿಯೂ ಕೂರಬೇಕು. ಯಾರು ಎಷ್ಟು ಓದುತ್ತಾರೆ, ಚರ್ಚಿನ ಸುಧಾರಕ ಲೂಥರನ ಪ್ರಶ್ನೋತ್ತರ ಪುಸ್ತಕ ಎಷ್ಟು ಬಾಯಿಪಾಠವಾಗಿದೆ ಎಂದು ದಪ್ಪ ದಫ್ತರದಲ್ಲಿ ದಾಖಲಿಸುತ್ತಿದ್ದರು. ಅದು ಬಾರದಿದ್ದರೆ ಪ್ರಭುಭೋಜನವಿಲ್ಲ, ಅಂದರೆ ಚರ್ಚಿನಲ್ಲಿ ಕೊಡುವ ರೊಟ್ಟಿ–ದ್ರಾಕ್ಷಾರಸದ ಪ್ರಸಾದವಿಲ್ಲ; ಪ್ರಭುಭೋಜನವಿಲ್ಲದಿದ್ದರೆ ಮದುವೆಯೂ ಇಲ್ಲ. ಮದುವೆಗಾಗಿಯಾದರೂ ಜನ ಓದು ಕಲಿತರು! ಬರಹದ ವಿಷಯ ಕಾನೂನಿನಲ್ಲಿರಲಿಲ್ಲ. ದೇವರು ಹೇಳಿದ್ದನ್ನು ನೀನು ಓದಿದರೆ ಸಾಕು, ನೀನೇನು ಬರೆಯಬೇಕು? ಊರೂರಿಗೆ ಶಾಲೆ ಬೇಕೆಂಬ ಕಾನೂನು ಬಂದದ್ದು 1842ರಲ್ಲಿ. ಅದು ಬಡವರ ಮಕ್ಕಳನ್ನು ಮುಟ್ಟಲು ಮತ್ತೂ ಕಾಲ ಹಿಡಿಯಿತು.

ಹೀಗಾಗಿ ಆಗಸ್ಟ್ ಅವರಿಗೆ ಯಾರೋ ಬರೆದದ್ದು ತಲುಪುತ್ತಿತ್ತು. ಅವರು ಹೇಳಬೇಕಾದದ್ದು ಕಾಗದದ ಮೇಲೆ ಇಳಿಯುತ್ತಿರಲಿಲ್ಲ. ಗೇಲ್ಸ್‌ಬರ್ಗ್ ಇಂಥವರಿಗೆ ಹೇಳಿ ಮಾಡಿಸಿದ ಊರಾಗಿತ್ತು ಎನ್ನಬೇಕು. ಅಮೆರಿಕದಲ್ಲಿ ಗಟ್ಟಿಯಾಗಿ ನಿಂತ ಮೊದಲ ಸ್ವೀಡಿಷ್ ಪತ್ರಿಕೆ ‘ಹೆಮ್‌ಲಾಂಡೆಟ್’ ಹುಟ್ಟಿದ್ದು ಅಲ್ಲಿಯೇ, 1855ರ ಜನವರಿಯಲ್ಲಿ. ಹೆಸರಿನ ಅರ್ಥ ತಾಯ್ನಾಡು. ಹಾಸೆಲ್‌ಕ್ವಿಸ್ಟ್ ಎಂಬ ಪಾದ್ರಿ ಅದನ್ನು ಶುರುಮಾಡಿದರು. ಮುಂದೆ ಪತ್ರಿಕೆ ಷಿಕಾಗೊಗೆ ಹೋಯಿತು, ಆದರೆ ಟಪಾಲಿನಲ್ಲಿ ಗೇಲ್ಸ್‌ಬರ್ಗ್‌ಗೆ ಬರುತ್ತಲೇ ಇತ್ತು.

ಹೆಸರಿನದೂ ಒಂದು ಕಥೆಯಿದೆ. ಸ್ವೀಡನ್ನಿನ ಹಳ್ಳಿಗಳಲ್ಲಿ ಮನೆತನದ ಹೆಸರೆಂಬುದೇ ಇರಲಿಲ್ಲ. ಅಪ್ಪ ಆಂಡರ್ಸ್ ಆದರೆ ಮಗ ಆಂಡರ್ಸನ್. ಊರಿನಲ್ಲಿ ಇದರಿಂದ ತೊಂದರೆಯಿರಲಿಲ್ಲ, ಎಲ್ಲರಿಗೂ ಎಲ್ಲರೂ ಗೊತ್ತು. ರೈಲ್ವೆ ಕಂಪನಿಯ ಹಾಜರಿ ಪುಸ್ತಕದಲ್ಲಿ ತೊಂದರೆಯಾಯಿತು. ಮನೆಯಲ್ಲಿ ಹೇಳಿಕೊಂಡು ಬಂದ ಪ್ರಕಾರ ಇವರು ಮೊದಲು ಆಗಸ್ಟ್ ಜಾನ್ಸನ್ ಆಗಿದ್ದರು, ಅದೇ ಗುಂಪಿನಲ್ಲಿ ಇನ್ನೂ ಆಗಸ್ಟ್ ಜಾನ್ಸನ್‌ಗಳಿದ್ದರು, ಒಬ್ಬರ ಪತ್ರ ಮತ್ತು ಸಂಬಳ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಬೇಸತ್ತು ಸ್ಯಾಂಡ್‌ಬೆರ್ಗ್ ಎಂದು ಬದಲಿಸಿಕೊಂಡರು. ಮರಳುಗುಡ್ಡ ಎಂದು ಅರ್ಥ. ಶಾಲೆಗೆ ಹೋಗತೊಡಗಿದ ಮಕ್ಕಳು ಅದರಲ್ಲಿನ ‘ಬೆರ್ಗ್’ ಅನ್ನು ‘ಬರ್ಗ್’ ಮಾಡಿದರು. ಗುಡ್ಡ ಹೋಗಿ ಊರಾಯಿತು. ಕಾಗುಣಿತ ಬದಲಾದರೆ ಅಪ್ಪನಿಗೇನು? ಅವರು ಹಾಕುತ್ತಿದ್ದುದು ಗುಣಾಕಾರದ ಗುರುತು.

ಈಗ ಕುಲುಮೆಗೆ ಬರೋಣ. ಷಿಕಾಗೊ, ಬರ್ಲಿಂಗ್‌ಟನ್ ಅಂಡ್ ಕ್ವಿನ್ಸಿ ರೈಲು ಕಂಪನಿಗೆ ಊರಿನವರು ಇಟ್ಟ ಹೆಸರು ಬರೀ ‘ಕ್ಯೂ’. 1854ರಲ್ಲಿ ಹಳಿ ಬಂದ ಮೇಲೆ ಗೇಲ್ಸ್‌ಬರ್ಗ್ ಎಂದರೆ ಕ್ಯೂ, ಕ್ಯೂ ಎಂದರೆ ಗೇಲ್ಸ್‌ಬರ್ಗ್. ಅದರ ಕಾರ್ಖಾನೆಯ ಕುಲುಮೆಯಲ್ಲಿ ಒಬ್ಬ ಕಮ್ಮಾರ, ಅವನ ಎದುರು ಒಬ್ಬ ಸಹಾಯಕ.

ಸಹಾಯಕ ಎಂದ ಕೂಡಲೇ ತಿದಿ ಒತ್ತುವ ಹುಡುಗ ಕಣ್ಣ ಮುಂದೆ ಬರುತ್ತಾನೆ. ಇದು ಆ ಕೆಲಸವಲ್ಲ. ದಪ್ಪ ಕಬ್ಬಿಣವನ್ನು ಒಬ್ಬರೇ ಮಣಿಸಲಾಗದು. ಕಮ್ಮಾರ ಇಕ್ಕಳದಲ್ಲಿ ಕಾದ ತುಂಡನ್ನು ತೆಗೆದು ಅಡಿಗಲ್ಲಿನ ಮೇಲಿಡುತ್ತಾನೆ. ಅವನ ಬಲಗೈಯಲ್ಲಿ ಚಿಕ್ಕ ಸುತ್ತಿಗೆ. ಎಲ್ಲಿ ಪೆಟ್ಟು ಬೀಳಬೇಕೋ ಅಲ್ಲಿ ಟಕ್ ಎಂದು ಒಂದು ಸಲ ತಟ್ಟುತ್ತಾನೆ. ಮರುಕ್ಷಣ ಅದೇ ಜಾಗಕ್ಕೆ ಎದುರಿನವನ ಸಮ್ಮಟಿಗೆ ಬೀಳಬೇಕು, ಎರಡೂ ಕೈಯಲ್ಲಿ ಹಿಡಿದು, ಹೆಗಲ ಮೇಲಿಂದ. ಟಕ್, ಧಡ್. ಟಕ್, ಧಡ್. ನಡುವೆ ಮಾತಿಲ್ಲ, ಆ ಸದ್ದಿನಲ್ಲಿ ಮಾತು ಕೇಳಿಸುವುದೂ ಇಲ್ಲ. ಕಬ್ಬಿಣ ಹಳದಿ ಇರುವಷ್ಟು ಹೊತ್ತು ಮಾತ್ರ ಕೆಲಸ, ಕೆಂಪು ಮಂಕಾದರೆ ಮತ್ತೆ ಬೆಂಕಿಗೆ. ಕಮ್ಮಾರ ತನ್ನ ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಮಲಗಿಸಿದನೆಂದರೆ ನಿಲ್ಲಿಸು ಎಂದರ್ಥ. ಎದುರಿನವನು ಒಂದು ಬೆರಳು ಆಚೀಚೆ ಹೊಡೆದರೆ ತುಂಡು ಕೆಡುತ್ತದೆ, ಇನ್ನೂ ಆಚೆ ಹೋದರೆ ಕಮ್ಮಾರನ ಕೈ ಹೋಗುತ್ತದೆ.

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ನಾವೆಲ್ಲ ಹೇಳುತ್ತೇವೆ. ಬಡಿಯುವವನು ಯಾರು ಎಂದು ಗಾದೆ ಹೇಳುವುದಿಲ್ಲ.

ತೋರಿಸುವವನಿಗೆ ಕುಶಲಕರ್ಮಿಯ ಕೂಲಿ, ಹೊಡೆಯುವವನಿಗೆ ಸಹಾಯಕನ ಕೂಲಿ. ಆಗಸ್ಟ್ ಅವರು ಎಂದೂ ಕಮ್ಮಾರರಾಗಲಿಲ್ಲ. ದುಡಿಮೆಯ ಬಾಳೆಲ್ಲ ಅಡಿಗಲ್ಲಿನ ಆಚೆ ಬದಿಯಲ್ಲೇ ಕಳೆಯಿತು. ಹೊಂಗೂದಲ ಸ್ವೀಡರ ನಡುವೆ ಅವರದು ಕಪ್ಪು ಕೂದಲು, ಕಪ್ಪು ಕಣ್ಣು, ಸಾಧಾರಣ ಎತ್ತರ. ಸಮ್ಮಟಿಗೆ ಬೀಸಿ ಬೀಸಿ ಹೆಗಲ ಮಾಂಸ ಗಂಟುಕಟ್ಟಿ ಸಣ್ಣ ಗೂನಿನಂತೆ ಎದ್ದಿತ್ತು ಎಂದು ಮಗ ನೆನಪಿಸಿಕೊಳ್ಳುತ್ತಾರೆ.

ಕ್ಲಾರಾ ಅವರು ಅಮೆರಿಕಕ್ಕೆ ಒಬ್ಬರೇ ಬಂದವರು. ಗೇಲ್ಸ್‌ಬರ್ಗ್‌ಗೆ ಹತ್ತಿರದ ಬುಷ್‌ನೆಲ್ ಎಂಬಲ್ಲಿ ಹೋಟೆಲೊಂದರಲ್ಲಿ ಹಾಸಿಗೆ ಹಾಸುವ, ಗುಡಿಸುವ ಕೆಲಸ. ಆಗಸ್ಟ್ ಆ ಕಡೆ ಹಳಿ ಹಾಕುವ ಗುಂಪಿನೊಂದಿಗೆ ಹೋಗಿದ್ದಾಗ ಪರಿಚಯವಾಗಿ 1874ರಲ್ಲಿ ಮದುವೆಯಾದರು. ಹಳಿಯ ಪಕ್ಕದಲ್ಲಿ ಮೂರು ಕೋಣೆಗಳ ಮರದ ಮನೆ. ಅಲ್ಲಿ 1878ರ ಜನವರಿ 6ರಂದು ಕಾರ್ಲ್ ಹುಟ್ಟಿದ್ದು, ಜೋಳದ ಸಿಪ್ಪೆ ತುಂಬಿದ ಹಾಸಿಗೆಯ ಮೇಲೆ. ಹುಟ್ಟಿದ ಮಕ್ಕಳು ಒಟ್ಟು ಏಳು.

ಮನೆಯಲ್ಲಿ ಸ್ವೀಡಿಷ್ ಮಾತು, ಸ್ವೀಡಿಷ್ ಊಟ. ಉಪ್ಪು ಹಾಕಿದ ಹೆರಿಂಗ್ ಮೀನು, ರೈ ಹಿಟ್ಟಿನ ರೊಟ್ಟಿ, ಆಲೂಗಡ್ಡೆ, ಹಲ್ಲಿನ ನಡುವೆ ಸಕ್ಕರೆಯ ತುಂಡಿಟ್ಟುಕೊಂಡು ಕುಡಿಯುವ ಕಾಫಿ. ಕ್ರಿಸ್‌ಮಸ್‌ಗೆ ಲೂಟ್‌ಫಿಸ್ಕ್: ಕಟ್ಟಿಗೆಯಂತೆ ಒಣಗಿದ ಕಾಡ್ ಮೀನನ್ನು ಕ್ಷಾರದ ನೀರಿನಲ್ಲಿ ನೆನೆಹಾಕಿ, ಆ ಕ್ಷಾರ ಹೋಗುವವರೆಗೆ ದಿನಗಟ್ಟಲೆ ನೀರು ಬದಲಿಸಿ, ಆಮೇಲೆ ಬೇಯಿಸುವುದು. ಲೋಳೆಯಾಗುತ್ತದೆ. ವಾಸನೆಯ ಬಗ್ಗೆ ಸ್ವೀಡರೇ ಜೋಕು ಮಾಡುತ್ತಾರೆ. ಆದರೂ ಅದಿಲ್ಲದೆ ಅವರಿಗೆ ಹಬ್ಬವಿಲ್ಲ.

ಗಂಡ ಹೆಂಡತಿಯ ಸ್ವಭಾವ ಎಣ್ಣೆ ಸೀಗೇಕಾಯಿ. ಬಾಗಿಲಿಗೆ ಬಂದ ಪುಸ್ತಕ ಮಾರುವವನಿಂದ ಕ್ಲಾರಾ ಒಮ್ಮೆ 75 ಸೆಂಟ್ ಕೊಟ್ಟು ಒಂದು ಜ್ಞಾನಸಂಗ್ರಹದ ಪುಸ್ತಕ ಕೊಂಡರು, ಮಕ್ಕಳು ಓದಲಿ ಎಂದು. ಸಂಜೆ ಮನೆಗೆ ಬಂದ ಆಗಸ್ಟ್ ಸಿಡಿಮಿಡಿಗೊಂಡರು. ದುಡ್ಡು ನೀರಿಗೆ ಹಾಕಿದಂತೆ ಎಂದು ಅವರ ವಾದ. ಕಾರ್ಲ್ ಅವರ ಬಗ್ಗೆ ಬರೆಯುವವರೆಲ್ಲ ಈ ಪ್ರಸಂಗವನ್ನು ಎತ್ತಿಕೊಂಡು, ಅಮ್ಮನಲ್ಲಿ ಸಂಸ್ಕಾರವಿತ್ತು, ಅಪ್ಪನಲ್ಲಿ ಜಿಪುಣತನವಿತ್ತು ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಗಂಟೆಗೆ 14 ಸೆಂಟ್ ಎಂದರೆ 75 ಸೆಂಟ್‌ಗೆ ಐದು ಗಂಟೆಗೂ ಮೀರಿ ಸಮ್ಮಟಿಗೆ ಬೀಸಬೇಕು. ಬೆಳಿಗ್ಗೆ ಸೀಟಿ ಊದಿದಾಗಿನಿಂದ ಮಧ್ಯಾಹ್ನದ ಊಟದ ಸೀಟಿಯವರೆಗೆ ಬೀಸಿದ್ದು ಪೂರ್ತಿ ಒಂದು ಪುಸ್ತಕಕ್ಕೆ ಹೋಯಿತು ಎಂದು ಆ ಹೆಗಲಿಗೆ ಗೊತ್ತಿತ್ತು. ಅಮ್ಮ ಮಾಡಿದ್ದು ಸರಿ, ನಿಜ. ಅಪ್ಪ ಸಿಟ್ಟಾದದ್ದೂ ಸರಿ.

ಅವರಿಗೆ ಇಲ್ಲದಿರುವುದರ ಭಯವಿತ್ತು. ನಾಳೆ ಕೆಲಸ ಹೋದರೆ? ಕಾಯಿಲೆ ಬಿದ್ದರೆ? ಪಿಂಚಣಿಯಿಲ್ಲ, ವಿಮೆಯಿಲ್ಲ, ಊರಿಗೆ ಮರಳಿದರೆ ತುತ್ತು ಕೊಡುವ ಹೊಲವಿಲ್ಲ. ಆದ್ದರಿಂದ ಕಾರ್ಖಾನೆಯಿಂದ ಬಂದವರು ಕತ್ತಲಾಗುವವರೆಗೆ ಹಿತ್ತಲಿನಲ್ಲಿ ಆಲೂಗಡ್ಡೆ ಪಾತಿಗಳಲ್ಲಿ ಬಗ್ಗಿರುತ್ತಿದ್ದರು. ಬರಬರುತ್ತಾ ದೊಡ್ಡ ಮನೆಯೊಂದನ್ನು ಕೊಂಡು, ಅದರ ಒಂದು ಭಾಗ ಬಾಡಿಗೆಗೆ ಕೊಟ್ಟು, ಬಡಗಿಯ ಕೆಲಸ, ಬಣ್ಣ ಬಳಿಯುವುದು ಎಲ್ಲ ತಾವೇ ಮಾಡಿಕೊಂಡರು.

ಇಷ್ಟು ಎಚ್ಚರವಿದ್ದರೂ 1892 ಬಂತು. ಮನೆಗೆ ಗಂಟಲಮಾರಿ ಹೊಕ್ಕಿತು. ಡಿಫ್ತೀರಿಯಾ. ಏಳು ವರ್ಷದ ಎಮಿಲ್, ಎರಡು ವರ್ಷದ ಫ್ರೆಡ್. ಅರ್ಧ ಗಂಟೆಯ ಅಂತರದಲ್ಲಿ ಎರಡೂ ಮಕ್ಕಳು ಹೋದರು. ಆ ರೋಗಕ್ಕೆ ಪ್ರತಿವಿಷವನ್ನು ಬರ್ಲಿನ್ನಿನಲ್ಲಿ ಬೆಹ್ರಿಂಗ್ ಮತ್ತು ಕಿಟಾಸಾಟೊ 1890ರಲ್ಲೇ ಕಂಡುಹಿಡಿದಾಗಿತ್ತು. ಅದು ವೈದ್ಯರ ಕೈಗೆ ಔಷಧವಾಗಿ ಬರಲು 1894 ದಾಟಬೇಕಾಯಿತು. ವೈದ್ಯರ ಬಿಲ್ಲು, ಶವಪೆಟ್ಟಿಗೆಯ ಬಿಲ್ಲು, ಸ್ಮಶಾನದ ಜಾಗದ ದುಡ್ಡು. ಆ ಚಳಿಗಾಲ ದುಃಖ ಮತ್ತು ಸಾಲ ಒಟ್ಟೊಟ್ಟಿಗೆ ಬಂದು ಕೂತವು.

ಸಾವರಿಸಿಕೊಳ್ಳುವ ಮೊದಲೇ 1893ರ ಆರ್ಥಿಕ ಕುಸಿತ. ರೈಲು ಕಂಪನಿಗಳೇ ಸಾಲುಸಾಲಾಗಿ ಮುಳುಗುತ್ತಿದ್ದವು. ಕ್ಯೂ ಮುಳುಗಲಿಲ್ಲ, ಆದರೆ ಕುಲುಮೆಯ ಕೆಲಸ ಹತ್ತು ಗಂಟೆಯಿಂದ ನಾಲ್ಕು ಗಂಟೆಗೆ ಇಳಿಯಿತು. ಮತ್ತೆ ಗುಣಿಸಿ. ದಿನಕ್ಕೆ 56 ಸೆಂಟ್. ಬ್ರೆಡ್ಡಿಗೆ ಬೆಣ್ಣೆಯ ಬದಲು ಹಂದಿಯ ಕೊಬ್ಬು ಸವರಿ ಮೇಲೆ ಉಪ್ಪು ಉದುರಿಸಿಕೊಂಡು ತಿಂದದ್ದನ್ನು ಕಾರ್ಲ್ ಬರೆದಿದ್ದಾರೆ. ರುಚಿಯಾಗಿಯೇ ಇತ್ತು ಎಂಬ ಧಾಟಿಯಲ್ಲಿ ಬರೆದಿದ್ದಾರೆ, ಹುಡುಗರಿಗೆ ಹಾಗನ್ನಿಸುತ್ತದೆ.

ಮಕ್ಕಳಲ್ಲಿ ಒಬ್ಬರನ್ನು ಮಾತ್ರ ಹೈಸ್ಕೂಲಿಗೆ ಕಳಿಸುವ ತಾಕತ್ತು ಆ ಮನೆಗಿತ್ತು. ಹೋದದ್ದು ಹಿರಿಯ ಮಗಳು ಮೇರಿ. ಓದಿ ಶಿಕ್ಷಕಿಯಾದರೆ ಮನೆಗೆ ಆಧಾರ ಎಂಬ ಲೆಕ್ಕ. ಮಗಳನ್ನು ಓದಿಸಿ ಮಗನನ್ನು ಬಿಡಿಸಿದ ಬಡವರ ಮನೆ! ಕಾರ್ಲ್ ಎಂಟನೆಯ ತರಗತಿಗೆ ಶಾಲೆ ಬಿಟ್ಟು ಹಾಲಿನ ಗಾಡಿ ಹತ್ತಿದರು, ತಿಂಗಳಿಗೆ 12 ಡಾಲರ್‌ಗೆ. ಪೂರ್ತಿ ಹತ್ತು ಗಂಟೆ ಕೆಲಸವಿದ್ದಾಗಿನ ಅಪ್ಪನ ಗಳಿಕೆಯ ಮೂರನೆಯ ಒಂದು ಭಾಗ ಎನ್ನಿ.

ಮಗನ ಮುಂದಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. ಇಟ್ಟಿಗೆ ಗೂಡು, ಐಸ್ ಕೊಯ್ಯುವ ಕೆಲಸ, 1897ರಲ್ಲಿ ಗೂಡ್ಸ್ ರೈಲಿನಲ್ಲಿ ಟಿಕೆಟ್ಟಿಲ್ಲದೆ ಕಾನ್ಸಾಸ್ ದಾಟಿ ಕೊಲೊರಾಡೊವರೆಗೆ ಅಲೆದಾಟ, 1898ರಲ್ಲಿ ಸ್ಪೇನ್ ವಿರುದ್ಧದ ಯುದ್ಧದಲ್ಲಿ ಸೈನಿಕನಾಗಿ ಪೋರ್ಟೊರಿಕೊ. ಮರುವರ್ಷ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಗೆ ಆಯ್ಕೆಯಾಗಿ ಹೋಗಿ, ಪ್ರವೇಶ ಪರೀಕ್ಷೆಯಲ್ಲಿ ಲೆಕ್ಕ ಮತ್ತು ವ್ಯಾಕರಣ ಎರಡರಲ್ಲೂ ಫೇಲಾಗಿ ಎರಡೇ ವಾರದಲ್ಲಿ ವಾಪಸ್ಸು. ಮುಂದೆ ಮೂರು ಪುಲಿಟ್ಜರ್ ಪ್ರಶಸ್ತಿ ಪಡೆದವರಿಗೆ ವ್ಯಾಕರಣ ಕೈಕೊಟ್ಟಿತು ಎಂಬುದು ವಿದ್ಯಾರ್ಥಿಗಳಿಗೆ ಹೇಳಬೇಕಾದ ಸುದ್ದಿ. ಮೇಷ್ಟರುಗಳ ಎದುರು ಬೇಡ.

ಶಾಲೆಯಲ್ಲಿದ್ದಾಗ ಕಾರ್ಲ್ ಎಂಬುದು ತೀರಾ ಸ್ವೀಡಿಷ್ ಎಂದು ನಾಚಿ ಚಾರ್ಲ್ಸ್ ಎಂದು ಕರೆದುಕೊಂಡಿದ್ದರು. ಆ ಹೆಸರನ್ನು ಅವರಿಗೆ ವಾಪಸ್ಸು ಕೊಟ್ಟವರು 1908ರಲ್ಲಿ ಮದುವೆಯಾದ ಲಿಲಿಯನ್. ಆಕೆಯೂ ಲಕ್ಸೆಂಬರ್ಗ್‌ನಿಂದ ಬಂದ ಕುಟುಂಬದವರು. ಮಗ ಹುಟ್ಟಿದಾಗ ಅಪ್ಪ ಕರೆದ ಹೆಸರು ಮೂವತ್ತು ವರ್ಷದ ಮೇಲೆ ಮರಳಿತು. ಎರಡು ವರ್ಷಕ್ಕೆ, 1910ರಲ್ಲಿ, ಆಗಸ್ಟ್ ತೀರಿಕೊಂಡರು. ಮಗನಿಗೆ ಹೆಸರು ತಂದ ಷಿಕಾಗೊ ಕವಿತೆಗಳ ಸಂಕಲನ ಬಂದದ್ದು 1916ರಲ್ಲಿ. ಆ ಕವಿತೆಗಳ ತುಂಬ ಉಕ್ಕಿನ ಕೆಲಸಗಾರರು, ಹಳಿ ಹಾಕುವವರು, ಸುತ್ತಿಗೆ ಹಿಡಿದವರು. ಅಪ್ಪ ಬದುಕಿದ್ದರೂ ಓದುತ್ತಿದ್ದರೆಂದು ಹೇಳಲಾರೆ. ಅವು ಇಂಗ್ಲಿಷಿನಲ್ಲಿದ್ದವು.

ಆ ಮೂರು ಕೋಣೆಗಳ ಮನೆ ಇನ್ನೂ ಇದೆ, ಸ್ಮಾರಕವಾಗಿ. 1967ರಲ್ಲಿ ಕಾರ್ಲ್ ತೀರಿಕೊಂಡಾಗ ಅವರ ಬೂದಿಯನ್ನು ತಂದು ಆ ಮನೆಯ ಹಿತ್ತಲಿನ ಬಂಡೆಯ ಕೆಳಗೆ ಇಟ್ಟರು. ನನ್ನ ಮಾತು ಇಷ್ಟು.

*

ಸಭೆ ಚದುರುವಾಗ ಹಿರಿಯರೊಬ್ಬರು ನಿಧಾನವಾಗಿ ವೇದಿಕೆಯ ಹತ್ತಿರ ಬಂದರು. “ನೀವು ಆಗಿನಿಂದ ಸಹಾಯಕ, ಸಹಾಯಕ ಎನ್ನುತ್ತಿದ್ದೀರಿ. ಆ ಕೆಲಸಕ್ಕೆ ಹೆಸರಿದೆ ಸರ್” ಎಂದರು. “ಹ್ಯಾಮರ್‌ಮ್ಯಾನ್. ನಮ್ಮ ಅಜ್ಜ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಹ್ಯಾಮರ್‌ಮ್ಯಾನ್.”

ನನಗೆ ಗೊತ್ತಿರಲಿಲ್ಲ ಎಂದೆ. ಅಜ್ಜ ಮುಂದೆ ಕಮ್ಮಾರರಾದರೇ ಎಂದು ಕೇಳಿದೆ.

“ಇಲ್ಲ, ಹ್ಯಾಮರ್‌ಮ್ಯಾನ್ ಆಗಿಯೇ ನಿವೃತ್ತರಾದರು.” ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಹೆಗಲನ್ನು ಮುಟ್ಟಿ ತೋರಿಸಿದರು. “ಆ ಗೂನಿನ ವಿಷಯ ಹೇಳಿದಿರಲ್ಲ, ಅದಕ್ಕೇ ಎದ್ದು ಬಂದೆ. ನಮ್ಮ ಅಜ್ಜನ ಅಂಗಿ ಹೊಲಿಯುವ ದರ್ಜಿ ಅಳತೆ ತೆಗೆದುಕೊಳ್ಳುವಾಗಲೇ ಹೇಳುತ್ತಿದ್ದನಂತೆ, ಈ ಕಡೆ ಎರಡು ಬೆರಳು ಬಟ್ಟೆ ಹೆಚ್ಚು ಬಿಡಬೇಕಾಗುತ್ತದೆ ಎಂದು.”